ಬಳಲಿದ ಕಸುಬಿಗೆ ಸರ್ಕಾರದ ಆಸರೆ: ಚಳ್ಳಕೆರೆ ಸೀಮೆಯ ಮೂರು ಉದ್ಯಮಗಳು

ಕಷ್ಟದಲ್ಲಿರುವವರಿಗೆ ನೆರವಾಗುವುದು ಗೃಹಸ್ಥನ ಕರ್ತವ್ಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ನೆರವು ನೀಡುವಾಗಲೂ ವಿವೇಚನೆ ಬೇಕು. ಕೊಡುವ ವಸ್ತು ಯಾರದು, ಪಡೆಯುವವನು ನಿಜವಾಗಿ ಅರ್ಹನೇ, ಪಡೆದ ಮೇಲೆ ಅವನ ಬಾಳು ಹಸನಾಗುವುದೇ ಎಂಬ ಪ್ರಶ್ನೆಗಳನ್ನು ನಮ್ಮ ಹಿರಿಯರು ದಾನದ ಸಂದರ್ಭದಲ್ಲಿ ಕೇಳುತ್ತಲೇ ಬಂದಿದ್ದಾರೆ. ಗೃಹಸ್ಥನು ಕೊಡುವುದು ತಾನು ದುಡಿದುದನ್ನು. ಸರ್ಕಾರ ಕೊಡುವುದಾದರೋ ಪ್ರಜೆಗಳಿಂದ ಸಂಗ್ರಹಿಸಿದುದನ್ನು. ಆದ್ದರಿಂದ ಗೃಹಸ್ಥನಿಗೆ ಬೇಕಾದ ವಿವೇಕಕ್ಕಿಂತ ಹೆಚ್ಚಿನ ವಿವೇಕ ಸರ್ಕಾರಕ್ಕೆ ಬೇಕು. ಆ ವಿವೇಕವನ್ನು ಜಾಗೃತವಾಗಿಡುವ ಸ್ಥಾನವೇ ಸಂಸತ್ತು. ಬಳಲಿದ ಉದ್ಯಮಗಳಿಗೆ ಸರ್ಕಾರ ಆಸರೆಯಾಗಬೇಕೆ, ಆಗಬೇಕಾದರೆ ಹೇಗೆ ಎಂಬ ಚರ್ಚೆ ನಮ್ಮ ದೇಶದ ಶಾಸನ ಸಭೆಗಳಲ್ಲಿ ನೂರು ವರ್ಷಗಳಿಗೂ ಮಿಗಿಲಾಗಿ ನಡೆದುಬಂದಿದೆ.

ಈ ದೀರ್ಘ ಚರ್ಚೆಯ ಫಲವನ್ನು ಪರೀಕ್ಷಿಸಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಿಗಿಂತ ತಕ್ಕ ನೆಲ ಬೇರೆ ದೊರೆಯಲಾರದು. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಮೂರು ಉದ್ಯಮಗಳು ಬೆಳೆದುಬಂದವು. ಕುರಿ ಸಾಕಣೆಯನ್ನು ಆಶ್ರಯಿಸಿದ ಕಂಬಳಿ ನೇಯ್ಗೆ ಒಂದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಕೈಮಗ್ಗ ಎರಡನೆಯದು. ಮಳೆಯಾಶ್ರಿತ ಶೇಂಗಾ ಬೆಳೆಯನ್ನು ನಂಬಿದ ಚಳ್ಳಕೆರೆಯ ಎಣ್ಣೆ ಗಿರಣಿಗಳು ಮೂರನೆಯವು. ಚಳ್ಳಕೆರೆಗೆ ‘ಎಣ್ಣೆ ನಗರ’ವೆಂದೂ ‘ಎರಡನೆಯ ಮುಂಬಯಿ’ಯೆಂದೂ ಹೆಸರು ಬಂದುದು ಈ ಗಿರಣಿಗಳಿಂದಲೇ. ಮೂರು ಉದ್ಯಮಗಳಿಗೂ ದೆಹಲಿಯಿಂದ ರಕ್ಷಣೆ ಘೋಷಿತವಾಯಿತು. ಮೂರೂ ಆ ರಕ್ಷಣೆಯ ನಡುವೆಯೇ ಸೊರಗಿದವು. ಹೀಗೇಕಾಯಿತೆಂಬುದನ್ನು ಅರಿಯಬೇಕಾದರೆ ಚರ್ಚೆಯ ಮೊದಲಿಗೇ ಹೋಗಬೇಕಾಗುತ್ತದೆ.

1924ರ ಮೂರು ಪ್ರಶ್ನೆಗಳು

ಮೊದಲನೆಯ ಮಹಾಯುದ್ಧದ ಬಳಿಕ ಯುರೋಪಿನ ಉಕ್ಕು ಅಗ್ಗದ ಬೆಲೆಗೆ ಭಾರತದ ಬಂದರುಗಳಿಗೆ ಬಂದು ಸುರಿಯತೊಡಗಿತು. 1907ರಲ್ಲಿ ಸ್ಥಾಪನೆಗೊಂಡಿದ್ದ ಟಾಟಾ ಉಕ್ಕು ಕಂಪನಿ ತತ್ತರಿಸಿತು. ಅದಕ್ಕೆ ಮುನ್ನವೇ ಸರ್ ಇಬ್ರಾಹಿಂ ರಹಿಂತುಲ್ಲಾ ಅವರ ಅಧ್ಯಕ್ಷತೆಯ ಹಣಕಾಸು ಆಯೋಗವು 1921-22ರಲ್ಲಿ ‘ವಿವೇಚನಾಯುಕ್ತ ರಕ್ಷಣೆ’ ಎಂಬ ತತ್ತ್ವವನ್ನು ಮುಂದಿಟ್ಟಿತ್ತು. ಉದ್ಯಮಕ್ಕೆ ಸ್ವಾಭಾವಿಕ ಅನುಕೂಲಗಳಿರಬೇಕು. ರಕ್ಷಣೆಯಿಲ್ಲದೆ ಅದು ಬೆಳೆಯಲಾರದೆಂಬುದು ಸ್ಪಷ್ಟವಾಗಿರಬೇಕು. ಕಡೆಗೊಂದು ದಿನ ಅದು ರಕ್ಷಣೆಯಿಲ್ಲದೆಯೇ ಜಗತ್ತಿನ ಪೈಪೋಟಿಯನ್ನು ಎದುರಿಸುವಂತಿರಬೇಕು. ಇವು ಆ ತತ್ತ್ವದ ಮೂರು ಷರತ್ತುಗಳು. ಇವುಗಳನ್ನು ಪರಿಶೀಲಿಸಲೆಂದು 1923ರಲ್ಲಿ ಸುಂಕ ಮಂಡಳಿಯೊಂದು ನೇಮಕಗೊಂಡಿತು. ಅದರ ಶಿಫಾರಸಿನ ಮೇಲೆ 1924ರ ಬೇಸಿಗೆಯಲ್ಲಿ ಉಕ್ಕು ಉದ್ಯಮ ರಕ್ಷಣಾ ಮಸೂದೆ ಕೇಂದ್ರ ಶಾಸನ ಸಭೆಯ ಮುಂದೆ ಬಂದಿತು.

ಮೋತಿಲಾಲ್ ನೆಹರೂ ಅವರ ನೇತೃತ್ವದ ಸ್ವರಾಜ್ಯ ಪಕ್ಷದವರು ದೇಶೀಯ ಉದ್ಯಮ ಉಳಿಯಲೆಂಬ ದೃಷ್ಟಿಯಿಂದ ಮಸೂದೆಗೆ ಬೆಂಬಲವಿತ್ತರು. ಆದರೆ ಬೆಂಬಲದೊಂದಿಗೆ ಪ್ರಶ್ನೆಗಳೂ ಬಂದವು. ಸುಂಕ ಏರಿದರೆ ನೇಗಿಲಿನ ಗುಳ ಕೊಳ್ಳುವ ರೈತನೂ ಹೆಚ್ಚಿನ ಬೆಲೆ ತೆರಬೇಕಾಗುವುದಲ್ಲವೇ ಎಂಬುದು ಒಂದು. ಕಾರ್ಮಿಕರ ಪ್ರತಿನಿಧಿಯಾಗಿದ್ದ ಎನ್.ಎಂ. ಜೋಶಿಯವರು, ರಕ್ಷಣೆ ಪಡೆಯುವ ಕಂಪನಿ ತನ್ನ ಕಾರ್ಮಿಕರನ್ನು ಹೇಗೆ ನಡೆಸಿಕೊಳ್ಳುತ್ತಿದೆ ಎಂಬ ಪ್ರಶ್ನೆಯನ್ನು ಸಭೆಯ ಮುಂದಿಟ್ಟರು. ಮೂರನೆಯದು ಅವಧಿಯ ಪ್ರಶ್ನೆ. ಅಂತಿಮವಾಗಿ ಅಂಗೀಕೃತವಾದ ಕಾಯಿದೆಯ ರಕ್ಷಣೆಗೆ 1927ರ ಮಾರ್ಚ್ 31ರ ಗಡುವಿತ್ತು. ಗಡುವು ಮುಗಿಯುವಾಗ ಮತ್ತೆ ವಿಚಾರಣೆ ನಡೆಯಿತು. ಬ್ರಿಟಿಷ್ ಉಕ್ಕಿಗೆ ಕಡಿಮೆ ಸುಂಕ ವಿಧಿಸುವ 1927ರ ಹೊಸ ಮಸೂದೆಯನ್ನು ರಾಷ್ಟ್ರೀಯವಾದಿಗಳು ವಿರೋಧಿಸಿದರು.

ಹೀಗೆ ರಕ್ಷಣೆಯ ಭಾರವನ್ನು ಹೊರುವವರು ಯಾರು, ಅದರ ಫಲ ಯಾರಿಗೆ, ಎಲ್ಲಿಯವರೆಗೆ ಎಂಬ ಮೂರು ಪ್ರಶ್ನೆಗಳು ನಮ್ಮ ಶಾಸನ ಸಭೆಯ ಇತಿಹಾಸದಲ್ಲಿ ಸ್ಥಾಪಿತವಾದವು. ಪರತಂತ್ರ ದೇಶದ ಸೀಮಿತ ಅಧಿಕಾರದ ಸಭೆಯೊಂದು ಇಷ್ಟು ಸ್ಪಷ್ಟವಾಗಿ ವಿಚಾರ ಮಾಡಿತೆಂಬುದು ಗಮನಾರ್ಹ.

ಅಂದು ಚಳ್ಳಕೆರೆ ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನವೂ ಅದೇ ಕಾಲದಲ್ಲಿ ಅದೇ ಸಮಸ್ಯೆಯನ್ನು ಎದುರಿಸುತ್ತಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಬೀಡುಕಬ್ಬಿಣದ ಬೆಲೆ ಕುಸಿದ ಕಾರಣ ಮೊದಲ ದಿನಗಳಿಂದಲೇ ನಷ್ಟಕ್ಕೆ ಸಿಲುಕಿತು. ಪ್ರಜೆಗಳ ತೆರಿಗೆಯ ಹಣವನ್ನು ಕುಲುಮೆಗೆ ಹಾಕಲಾಗುತ್ತಿದೆ ಎಂಬ ಟೀಕೆ ಎದ್ದಾಗ, ದಿವಾನಗಿರಿಯಿಂದ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಹೊಣೆ ಹೊತ್ತು ಕಾರ್ಖಾನೆಯನ್ನು ಸರಿದಾರಿಗೆ ತಂದರು. ಮುಂದೆ ಅವರ ಹೆಸರನ್ನೇ ಪಡೆದ ಆ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾದುದು 2023ರಲ್ಲಿ. ‘ಎಲ್ಲಿಯವರೆಗೆ’ ಎಂಬ ಪ್ರಶ್ನೆ ನೂರು ವರ್ಷಗಳಾದರೂ ಹಳತಾಗುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮಗ್ಗದವನಿಗಾಗಿ ಗಿರಣಿಯ ಬಟ್ಟೆಗೆ ತೆರಿಗೆ

ಸ್ವಾತಂತ್ರ್ಯಾನಂತರ ಚರ್ಚೆಯ ಕೇಂದ್ರ ಬದಲಾಯಿತು. ದೊಡ್ಡ ಕಾರ್ಖಾನೆಯನ್ನು ವಿದೇಶೀ ಪೈಪೋಟಿಯಿಂದ ಕಾಪಾಡುವುದರ ಜೊತೆಗೆ, ದೇಶದೊಳಗಿನ ದೊಡ್ಡ ಗಿರಣಿಯಿಂದ ಸಣ್ಣ ಮಗ್ಗವನ್ನು ಕಾಪಾಡುವ ಪ್ರಶ್ನೆಯೂ ಎದ್ದಿತು. ಗ್ರಾಮಗಳಲ್ಲಿ ಗೃಹ ಕೈಗಾರಿಕೆಗಳನ್ನು ವೈಯಕ್ತಿಕವಾಗಿ ಅಥವಾ ಸಹಕಾರದ ತಳಹದಿಯಲ್ಲಿ ಪ್ರೋತ್ಸಾಹಿಸುವುದು ರಾಜ್ಯದ ಪ್ರಯತ್ನವಾಗಬೇಕೆಂದು ಸಂವಿಧಾನದ 43ನೆಯ ಅನುಚ್ಛೇದ ಹೇಳುತ್ತದೆ. ಮದರಾಸಿನ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು 1952ರಲ್ಲಿ ಧೋತರ ಮತ್ತು ಸೀರೆಗಳ ಉತ್ಪಾದನೆಯನ್ನು ಕೈಮಗ್ಗಕ್ಕೇ ಮೀಸಲಿಡಬೇಕೆಂದು ಒತ್ತಾಯಿಸಿದರು. 1953ರಲ್ಲಿ ಸಂಸತ್ತು ಗಿರಣಿ ಬಟ್ಟೆಯ ಮೇಲೆ ಗಜಕ್ಕೆ ಮೂರು ಪೈಯಂತೆ ಹೆಚ್ಚುವರಿ ಅಬಕಾರಿ ಸುಂಕ ವಿಧಿಸಿ, ಆ ಹಣವನ್ನು ಖಾದಿ ಮತ್ತು ಕೈಮಗ್ಗಗಳ ಅಭಿವೃದ್ಧಿಗೆ ವಿನಿಯೋಗಿಸುವ ಕಾಯಿದೆಯನ್ನು ಅಂಗೀಕರಿಸಿತು.

ಈ ಕಾಯಿದೆಯ ಗುಣವೆಂದರೆ ಅದರ ಪ್ರಾಮಾಣಿಕತೆ. ಭಾರ ಹೊರುವವರು ಗಿರಣಿ ಬಟ್ಟೆ ಕೊಳ್ಳುವವರು, ಫಲ ಮಗ್ಗದವನಿಗೆ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿತು. ಆದರೆ ‘ಎಲ್ಲಿಯವರೆಗೆ’ ಎಂಬುದಕ್ಕೆ ಉತ್ತರವಿರಲಿಲ್ಲ. ಅದೇ ಕಾಲದಲ್ಲಿ ನೇಮಕಗೊಂಡಿದ್ದ ಕಾನೂಂಗೊ ಸಮಿತಿ, ಕೈಮಗ್ಗಗಳು ಕ್ರಮೇಣ ವಿದ್ಯುತ್ ಮಗ್ಗಗಳಾಗಿ ಪರಿವರ್ತನೆಗೊಳ್ಳಬೇಕೆಂದು 1954ರಲ್ಲಿ ಅಭಿಪ್ರಾಯಪಟ್ಟಿತು. ಒಂದು ಕಡೆ ಮಗ್ಗ ಉಳಿಯಲೆಂಬ ಕಾಯಿದೆ, ಇನ್ನೊಂದು ಕಡೆ ಮಗ್ಗ ಬದಲಾಗಲೆಂಬ ವರದಿ. ಈ ದ್ವಂದ್ವದಲ್ಲಿಯೇ ಮುಂದಿನ ಮೂರು ದಶಕಗಳು ಕಳೆದವು.

1985ರ ಎರಡು ಕಾಯಿದೆಗಳು

ಅಷ್ಟರಲ್ಲಿ ದೊಡ್ಡ ಗಿರಣಿಗಳೇ ಕಾಯಿಲೆ ಬಿದ್ದವು. 1974ರಲ್ಲಿ ಸಂಸತ್ತು ರೋಗಗ್ರಸ್ತ ಜವಳಿ ಉದ್ಯಮಗಳ ರಾಷ್ಟ್ರೀಕರಣ ಕಾಯಿದೆಯ ಮೂಲಕ 103 ಗಿರಣಿಗಳನ್ನು ವಶಪಡಿಸಿಕೊಂಡಿತು. ಅವುಗಳಲ್ಲಿ ಬೆಂಗಳೂರಿನ ಮಿನರ್ವ ಮಿಲ್ಲೂ ಒಂದು. ಅದರ ಮಾಲೀಕರು ಹೂಡಿದ ದಾವೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಸಂವಿಧಾನದ ಮೂಲ ಸ್ವರೂಪವನ್ನು ಎತ್ತಿಹಿಡಿದ ಪ್ರಸಿದ್ಧ ತೀರ್ಪನ್ನು ನೀಡಿತು. ಬಳಲಿದ ಗಿರಣಿಯೊಂದರ ಕಥೆ ದೇಶದ ಸಂವಿಧಾನದ ಕಥೆಯಲ್ಲಿ ಒಂದು ಅಧ್ಯಾಯವಾದುದು ಹೀಗೆ.

1985ರಲ್ಲಿ ಎರಡು ಕಾಯಿದೆಗಳು ಬಂದವು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರು ಕಡಿಮೆ. ಒಂದು, ರೋಗಗ್ರಸ್ತ ಕೈಗಾರಿಕಾ ಕಂಪನಿಗಳ ವಿಶೇಷ ಉಪಬಂಧ ಕಾಯಿದೆ. ಕಂಪನಿಯೊಂದರ ಸಂಚಿತ ನಷ್ಟ ಅದರ ಸ್ವಂತ ಬಂಡವಾಳವನ್ನೆಲ್ಲ ನುಂಗಿಹಾಕಿದರೆ ಅದನ್ನು ‘ರೋಗಗ್ರಸ್ತ’ವೆಂದು ಗುರುತಿಸಿ, ಅದರ ಪುನಶ್ಚೇತನದ ಯೋಜನೆಯನ್ನು ಮಂಡಳಿಯೊಂದು ರೂಪಿಸುತ್ತಿತ್ತು. ವಿಚಾರಣೆ ನಡೆಯುವವರೆಗೆ ಸಾಲಗಾರರು ಕಂಪನಿಯ ಆಸ್ತಿಯನ್ನು ಮುಟ್ಟುವಂತಿರಲಿಲ್ಲ. 1987ರಲ್ಲಿ ಕಾರ್ಯಾರಂಭ ಮಾಡಿದ ಈ ಮಂಡಳಿಯ ಆಶ್ರಯವನ್ನು ಅನೇಕ ಮಾಲೀಕರು ಸಾಲ ತೀರಿಸದಿರಲು ಬಳಸಿಕೊಂಡರೆಂಬ ಆಕ್ಷೇಪ ಬಹುಕಾಲ ಕೇಳಿಬಂದಿತು. ಕೊನೆಗೆ 2016ರಲ್ಲಿ ಈ ವ್ಯವಸ್ಥೆ ರದ್ದಾಗಿ ದಿವಾಳಿ ಸಂಹಿತೆ ಅದರ ಸ್ಥಾನಕ್ಕೆ ಬಂದಿತು. ಸಣ್ಣ ಕೈಗಾರಿಕೆಗಳು ಈ ಕಾಯಿದೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಚಳ್ಳಕೆರೆಯ ಸಣ್ಣ ಗಿರಣಿ ನಿಂತರೆ ಅದರ ರೋಗವನ್ನು ವಿಚಾರಿಸುವ ಮಂಡಳಿ ಯಾವುದೂ ಇರಲಿಲ್ಲ.

ಇನ್ನೊಂದು, ಕೈಮಗ್ಗಗಳ (ಉತ್ಪಾದನೆಗಾಗಿ ವಸ್ತುಗಳ ಮೀಸಲಾತಿ) ಕಾಯಿದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು, ವಿದ್ಯುತ್ ಮಗ್ಗದಲ್ಲಾಗಲಿ ಗಿರಣಿಯಲ್ಲಾಗಲಿ ನೇಯಕೂಡದು ಎಂಬುದು ಅದರ ಸಾರ. ಮೊದಲಿಗೆ 22 ವಸ್ತುಗಳು ಮೀಸಲಾದವು. ಗಿರಣಿ ಮತ್ತು ವಿದ್ಯುತ್ ಮಗ್ಗದವರು ನ್ಯಾಯಾಲಯದ ಮೆಟ್ಟಿಲೇರಿದ ಕಾರಣ ಕಾಯಿದೆ ಹಲವು ವರ್ಷ ಕಾಗದದಲ್ಲಿಯೇ ಉಳಿಯಿತು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸಿಂಧುವೆಂದು ಹೇಳಿತು. 1996ರಲ್ಲಿ ಪಟ್ಟಿ 11 ವಸ್ತುಗಳಿಗೆ ಇಳಿಯಿತು. ಹನ್ನೊಂದರ ಆ ಪಟ್ಟಿಯಲ್ಲಿ ಸೀರೆ ಇದೆ. ಬ್ಯಾರಕ್ ಹೊದಿಕೆ ಮತ್ತು ಕಂಬಳಿಯೂ ಇವೆ. ಮೊಳಕಾಲ್ಮೂರಿನ ಸೀರೆ, ಚಳ್ಳಕೆರೆಯ ಕಂಬಳಿ ಎರಡೂ ಒಂದೇ ಕೇಂದ್ರ ಕಾಯಿದೆಯ ನೆರಳಿಗೆ ಬಂದವು. ಆದರೂ ಆ ನೆರಳಿನಲ್ಲಿ ತಂಪು ದೊರೆಯಲಿಲ್ಲ.

ಕಂಬಳಿ ಮೀಸಲು, ಕಾವಲು ಪರಾಧೀನ

ಕಂಬಳಿಯ ಉದ್ಯಮ ಮಗ್ಗದಲ್ಲಿ ಆರಂಭವಾಗುವುದಿಲ್ಲ, ಹುಲ್ಲುಗಾವಲಿನಲ್ಲಿ ಆರಂಭವಾಗುತ್ತದೆ. ಬಯಲಿನಲ್ಲಿ ಮೇಯುವ ದಖ್ಖನಿ ತಳಿಯ ಕರಿಯ ಕುರಿ, ಅದರ ಉಣ್ಣೆ ಕತ್ತರಿಸುವ ಕುರಿಗಾಹಿ, ಮನೆಯಲ್ಲಿ ಕುಳಿತು ನೂಲು ತೆಗೆಯುವ ಹೆಂಗಸರು, ಹುಣಸೆ ಬೀಜದ ಗಂಜಿ ಹಚ್ಚಿ ಹಾಸು ಬಿಗಿಗೊಳಿಸುವವರು, ಗುಣಿಮಗ್ಗದಲ್ಲಿ ಕುಳಿತು ನೇಯುವವನು, ಸಂತೆಯಲ್ಲಿ ಮಾರುವವನು ಎಲ್ಲರೂ ಒಂದೇ ಸರಪಣಿಯ ಕೊಂಡಿಗಳು. ಕುರುಬ ಸಮುದಾಯದ ಸಾವಿರಾರು ಮನೆಗಳು ತಲೆಮಾರುಗಳಿಂದ ಇದನ್ನು ನಡೆಸಿಕೊಂಡು ಬಂದವು. ಬಿ.ಎಲ್. ರೈಸರ ಮೈಸೂರು ಗೆಜೆಟಿಯರಿನಲ್ಲಿಯೂ ಚಿತ್ರದುರ್ಗ ಸೀಮೆಯ ಕಂಬಳಿಯ ಪ್ರಸ್ತಾಪವಿದೆ.

1985ರ ಕಾಯಿದೆ ಕಾಪಾಡಿದುದು ಈ ಸರಪಣಿಯ ಒಂದೇ ಕೊಂಡಿಯನ್ನು, ಅಂದರೆ ನೇಯ್ಗೆಯನ್ನು. ಉಳಿದ ಕೊಂಡಿಗಳ ಬಗ್ಗೆ ಅದು ಮೌನವಾಗಿತ್ತು. ಮಾರುಕಟ್ಟೆಗೆ ಪಾಣಿಪತ್ತಿನ ಕಡೆಯಿಂದ ಹಳೆಯ ಉಣ್ಣೆ ಬಟ್ಟೆಯ ಚಿಂದಿಯಿಂದಲೂ ಕೃತಕ ನೂಲಿನಿಂದಲೂ ತಯಾರಾದ ಅಗ್ಗದ ಹೊದಿಕೆಗಳು ಬಂದವು. ಅವು ಕೈಮಗ್ಗದ ಕಂಬಳಿಯಲ್ಲ, ಕಂಬಳಿಯ ಬದಲಿಗೆ ಬಂದವು. ಕಾಯಿದೆ ವಸ್ತುವಿನ ಹೆಸರನ್ನು ಮೀಸಲಿಟ್ಟಿತು. ಕೊಳ್ಳುವವನು ಹೊದೆಯಲು ಬೇರೊಂದನ್ನು ಆರಿಸಿಕೊಂಡನು. ಇತ್ತ ಉಣ್ಣೆಗೆ ಬೆಲೆಯಿಲ್ಲದಂತಾಗಿ, ಮಾಂಸದ ಬೆಲೆ ಏರುತ್ತ ಹೋದಂತೆ, ಉಣ್ಣೆಗಾಗಿ ಕುರಿ ಸಾಕುವ ರೂಢಿ ಹಿಂದೆ ಸರಿದು ಮಾಂಸಕ್ಕಾಗಿ ಸಾಕುವ ರೂಢಿ ಮುಂದೆ ಬಂದಿತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಉಣ್ಣೆಗೆ ಬೆಲೆಯಿದ್ದಾಗ ಕುರಿ ಬದುಕಿದ್ದಷ್ಟು ಕಾಲವೂ ಒಡೆಯನಿಗೆ ಆದಾಯ. ಉಣ್ಣೆಯ ಬೆಲೆ ಬಿದ್ದರೆ ಅದರ ಆಯುಷ್ಯವೂ ಕುಗ್ಗುತ್ತದೆ. ಒಂದು ಕಸುಬಿನ ಅಳಿವು ಮನುಷ್ಯನ ಅನ್ನಕ್ಕೆ ಮಾತ್ರ ಸಂಬಂಧಿಸಿದುದಲ್ಲ.

ಇನ್ನು ಹುಲ್ಲುಗಾವಲಿನ ವಿಷಯ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಕಾವಲು, ಕುದಾಪುರ, ವರವು ಕಾವಲು ಮೊದಲಾದವು ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳಿಗಾಗಿ ಕಾಯ್ದಿಟ್ಟ ಬಯಲುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದಲ್ಲಿ ಬಂದಿತು. ದನಗಳೊಂದಿಗೆ ಸುತ್ತಲಿನ ಹಳ್ಳಿಗಳ ಕುರಿಗಳೂ ಈ ಬಯಲುಗಳನ್ನೇ ಆಶ್ರಯಿಸಿದ್ದವು. ಸುಮಾರು 2009ರಿಂದೀಚೆಗೆ ಈ ಕಾವಲುಗಳ ಹತ್ತಿರಹತ್ತಿರ ಹತ್ತು ಸಾವಿರ ಎಕರೆ ಭೂಮಿ ರಕ್ಷಣಾ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಬಾಹ್ಯಾಕಾಶ ಸಂಸ್ಥೆ ಮುಂತಾದವುಗಳಿಗೆ ಹಂಚಿಕೆಯಾಯಿತು. ಉಳ್ಳಾರ್ತಿ ಕಾವಲಿನಲ್ಲಿಯೇ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ ಸಂದಿತು. ಗೋಡೆಗಳು ಎದ್ದವು. ಗ್ರಾಮಸ್ಥರು ಪ್ರತಿಭಟಿಸಿದರು, ವಿಷಯ ಉಚ್ಚ ನ್ಯಾಯಾಲಯಕ್ಕೂ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರಲ್ಲಿ ರಕ್ಷಣಾ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಗೊಂಡಿತು.

ದೇಶಕ್ಕೆ ವಿಜ್ಞಾನವೂ ಬೇಕು, ರಕ್ಷಣೆಯೂ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆ ಸಂಸ್ಥೆಗಳ ಮಹತ್ತ್ವವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಕಂಬಳಿಯನ್ನು ಪಟ್ಟಿಯಲ್ಲಿ ಮೀಸಲಿಟ್ಟ ಸರ್ಕಾರವೇ ಕಂಬಳಿಯ ಮೂಲವಾದ ಹುಲ್ಲುಗಾವಲನ್ನು ಬೇರೆಡೆಗೆ ತಿರುಗಿಸುವಾಗ, ಜವಳಿ ಇಲಾಖೆಯ ಕಡತವೂ ಭೂಮಿಯ ಕಡತವೂ ಒಂದೇ ಮೇಜಿನ ಮೇಲೆ ಬರಬೇಕಿತ್ತು. ಬೇರು ಕತ್ತರಿಸಿ ಎಲೆಗೆ ನೀರು ಚಿಮುಕಿಸಿದರೆ ಗಿಡ ಉಳಿಯುವುದೇ?

ರೇಷ್ಮೆ: ಒಬ್ಬನ ರಕ್ಷಣೆ ಇನ್ನೊಬ್ಬನ ಭಾರ

ಮೊಳಕಾಲ್ಮೂರಿನ ಸಮಸ್ಯೆ ಇನ್ನೊಂದು ಬಗೆಯದು. ಇಲ್ಲಿಯ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಕೈಮಗ್ಗ ಕಾಯಿದೆಯ ರಕ್ಷಣೆಯೂ ಇದೆ. ಆದರೆ ಸೀರೆ ನೇಯುವವನಿಗೆ ಮೊದಲು ಬೇಕಾದುದು ಕೈಗೆಟುಕುವ ಬೆಲೆಯ ನೂಲು. 2001ರಲ್ಲಿ ಆಮದಿನ ಮೇಲಿದ್ದ ಪರಿಮಾಣದ ನಿರ್ಬಂಧಗಳು ತೆರವಾದ ಮೇಲೆ ಚೀನಾದ ಕಚ್ಚಾ ರೇಷ್ಮೆ ಹೇರಳವಾಗಿ ಬಂದಿತು. ರೇಷ್ಮೆ ಬೆಳೆಗಾರರ ಕೂಗಿನ ಮೇರೆಗೆ 2003ರಲ್ಲಿ ಅದರ ಮೇಲೆ ಸುರಿಮಾರಾಟ ತಡೆ ಸುಂಕ ಹೇರಲಾಯಿತು. 2011ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡಾ 30ರಿಂದ 5ಕ್ಕೆ ಇಳಿಯಿತು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನಂಬಿದ ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇಕಡಾ 15ಕ್ಕೆ ಏರಿತು; ಅನಂತರ 10ಕ್ಕೆ ಇಳಿದು 2021ರಲ್ಲಿ ಮತ್ತೆ 15 ಆಯಿತು.

ಸುಂಕ ಇಳಿದಾಗ ನೇಕಾರನಿಗೆ ಉಸಿರು, ಬೆಳೆಗಾರನಿಗೆ ಸಂಕಟ. ಏರಿದಾಗ ಬೆಳೆಗಾರನಿಗೆ ನೆಮ್ಮದಿ, ನೇಕಾರನಿಗೆ ಭಾರ. ಇಬ್ಬರೂ ಬಡವರು, ಇಬ್ಬರೂ ಕರ್ನಾಟಕದವರು. ‘ಭಾರ ಹೊರುವವರು ಯಾರು’ ಎಂಬ 1924ರ ಪ್ರಶ್ನೆ ಇಲ್ಲಿ ಬಲು ಕಠಿಣವಾಗಿ ಎದುರಾಗುತ್ತದೆ. ಶ್ರೀಮಂತ ಕಂಪನಿ ಮತ್ತು ಸಾಮಾನ್ಯ ಗ್ರಾಹಕರ ನಡುವೆ ನ್ಯಾಯ ತೀರ್ಮಾನಿಸುವುದು ಸುಲಭ. ಬಡವ ಬಡವರ ನಡುವೆ ತೀರ್ಮಾನಿಸುವುದು ಕಷ್ಟ. ಬೆಳೆಗಾರನಿಗೆ ಸುಂಕದ ರಕ್ಷಣೆ ಕೊಟ್ಟಾಗ ನೇಕಾರನಿಗೆ ನೂಲಿನ ಬೆಲೆಯಲ್ಲಿ ತಕ್ಕಷ್ಟು ಸಹಾಯಧನ ಕೊಡುವುದೊಂದೇ ನ್ಯಾಯವಾದ ಮಾರ್ಗ. ನೂಲು ಪೂರೈಕೆಯ ಯೋಜನೆಗಳು ಇವೆ. ಆದರೆ ಅವು ಸುಂಕದ ಏರಿಳಿತದೊಂದಿಗೆ ಹೊಂದಿಕೊಂಡು ನಡೆದರೆ ಮಾತ್ರ ಪ್ರಯೋಜನ.

ರೇಷ್ಮೆಯ ತಯಾರಿಕೆಯಲ್ಲಿ ಜೀವಹಾನಿಯಿರುವುದರಿಂದ ನಮ್ಮಲ್ಲಿ ಅನೇಕರು ಅದನ್ನು ಉಡುವುದಿಲ್ಲ. ಆ ನಿಯಮ ಗೌರವಾರ್ಹವಾದುದು. ಅದನ್ನು ಸಡಿಲಿಸಬೇಕೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಮಗ್ಗದ ಮುಂದೆ ಕುಳಿತವನ ಹಸಿವಿನ ವಿಷಯದಲ್ಲಿ ನ್ಯಾಯ ಬಯಸಲು ಅವನು ನೇಯ್ದುದನ್ನು ನಾವು ಉಡಬೇಕೆಂದೇನೂ ಇಲ್ಲ. ಅದೇ ಕೈ ಹತ್ತಿಯ ಸೀರೆಯನ್ನೂ ನೇಯಬಲ್ಲುದು.

ಎಣ್ಣೆ: ಚರ್ಚೆಯಿಲ್ಲದ ತೀರ್ಮಾನ

ಮೂರನೆಯದು ಚಳ್ಳಕೆರೆಯ ಎಣ್ಣೆ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಆರಂಭಿಸಿತು. ದೇಶದ ಎಣ್ಣೆಬೀಜಗಳ ಉತ್ಪಾದನೆ 1985-86ರಲ್ಲಿ ಸುಮಾರು 1.1 ಕೋಟಿ ಟನ್ನಿತ್ತು. 1993-94ರ ಹೊತ್ತಿಗೆ ಎರಡು ಕೋಟಿ ಟನ್ನನ್ನು ಮೀರಿತು. ಆ ಒಂದೆರಡು ವರ್ಷ ಭಾರತ ಖಾದ್ಯ ತೈಲದಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. ಬೆಲೆಯ ಬೆಂಬಲ, ಉತ್ತಮ ಬೀಜ, ಆಮದಿನ ಮೇಲೆ ಹತೋಟಿ ಮೂರೂ ಒಟ್ಟಿಗೆ ಕೂಡಿದಾಗ ರಕ್ಷಣೆ ಫಲಿಸುತ್ತದೆಂಬುದಕ್ಕೆ ಇದು ಸಾಕ್ಷಿ. ಮಿಷನ್ನಿನ ಹಣ ಯಾವುದೋ ಒಂದು ಕಂಪನಿಯ ಬೊಕ್ಕಸಕ್ಕೆ ಹೋಗಲಿಲ್ಲ. ಬೀಜದಿಂದ ಆರಂಭವಾಗಿ ಹೊಲದ ಮೂಲಕ ಗಿರಣಿಗೆ ತಲಪಿತು.

1994ರಲ್ಲಿ ಪಾಮೋಲಿನ್ ಆಮದು ಖಾಸಗಿಯವರಿಗೆ ಮುಕ್ತವಾಯಿತು. ಆರಂಭದಲ್ಲಿ ಶೇಕಡಾ 65 ಇದ್ದ ಸುಂಕ 1998ರ ಹೊತ್ತಿಗೆ ಶೇಕಡಾ 15ಕ್ಕೆ ಇಳಿಯಿತು. ಮಲೇಷ್ಯ, ಇಂಡೊನೇಷ್ಯಗಳ ತಾಳೆ ಎಣ್ಣೆಯ ಬೆಲೆಯೊಂದಿಗೆ ಶೇಂಗಾ ಎಣ್ಣೆ ಸ್ಪರ್ಧಿಸಲಾರದೆ ಹೋಯಿತು. ಬರಗಾಲ, ರೈತರು ಬೇರೆ ಬೆಳೆಗಳತ್ತ ಹೊರಳಿದುದು, ದೊಡ್ಡ ಶುದ್ಧೀಕರಣ ಕಾರ್ಖಾನೆಗಳು ಬಂದರಿನ ಬಳಿ ತಲೆಯೆತ್ತಿದುದು ಇವೂ ಸೇರಿ ಚಳ್ಳಕೆರೆಯ ಗಿರಣಿಗಳು ಒಂದೊಂದಾಗಿ ನಿಂತವು. ಇಲ್ಲೊಂದು ವಿಪರ್ಯಾಸವಿದೆ. ಗಾಣದ ಮತ್ತು ಗಿರಣಿಯ ಶೇಂಗಾ ಎಣ್ಣೆಯ ಉತ್ಪಾದನೆ 2015ರವರೆಗೂ ಸಣ್ಣ ಕೈಗಾರಿಕೆಗಳಿಗೇ ಮೀಸಲಾಗಿತ್ತು! ಕಂಬಳಿಯಂತೆಯೇ ಇಲ್ಲಿಯೂ ಹೆಸರು ಮೀಸಲಾಯಿತು. ಬಾಣಲೆಗೆ ಬಂದುದು ಬೇರೆಯೇ ಎಣ್ಣೆ.

ಅನಂತರದ ಇತಿಹಾಸವೂ ಏರಿಳಿತದ್ದೇ. ಕಚ್ಚಾ ತಾಳೆ ಎಣ್ಣೆಯ ಸುಂಕ 2001ರಲ್ಲಿ ಶೇಕಡಾ 75ರವರೆಗೆ ಏರಿ, ಬೆಲೆಯೇರಿಕೆಯ ಕಾರಣದಿಂದ 2008ರಲ್ಲಿ ಸೊನ್ನೆಗಿಳಿಯಿತು. 2024ರ ಸೆಪ್ಟೆಂಬರಿನಲ್ಲಿ ಮೂಲ ಸುಂಕ ಶೇಕಡಾ 20 ಆಯಿತು. 2025ರ ಮೇ ತಿಂಗಳಲ್ಲಿ 10ಕ್ಕೆ ಇಳಿಯಿತು. ಈ ನಡುವೆ 2021ರಲ್ಲಿ ತಾಳೆ ಬೆಳೆಗಾಗಿ 11,040 ಕೋಟಿ ರೂಪಾಯಿಗಳ, 2024ರಲ್ಲಿ ಎಣ್ಣೆಬೀಜಗಳಿಗಾಗಿ 10,103 ಕೋಟಿ ರೂಪಾಯಿಗಳ ರಾಷ್ಟ್ರೀಯ ಯೋಜನೆಗಳು ಘೋಷಿತವಾದವು. ಅರ್ಧಕ್ಕಿಂತ ಹೆಚ್ಚು ಖಾದ್ಯ ತೈಲವನ್ನು ಹೊರಗಿನಿಂದ ತರಿಸುವ ಸ್ಥಿತಿಗೆ ದೇಶ ಬಂದ ಮೇಲೆ ಈ ಎಚ್ಚರ ಮೂಡಿತು. ಗ್ರಾಹಕನಿಗೆ ಅಗ್ಗದ ಎಣ್ಣೆ ಸಿಗುವುದು ತಪ್ಪಲ್ಲ. ಬಡವರ ಮನೆಯ ಒಗ್ಗರಣೆಯೂ ಮುಖ್ಯವೇ. ಆದರೆ ಆ ಅಗ್ಗದ ಬೆಲೆಯ ಹೊರೆಯನ್ನು ಮಳೆಯಿಲ್ಲದ ನಾಡಿನ ಶೇಂಗಾ ರೈತನೊಬ್ಬನೇ ಹೊರಬೇಕಾದುದು ನ್ಯಾಯವೇ ಎಂಬುದು ವಿಚಾರಣೀಯ.

ಇಂತಹ ತೀರ್ಮಾನಗಳು ಹೇಗೆ ಆಗುತ್ತವೆ ಎಂಬುದನ್ನು ಓದುಗರು ತಿಳಿದಿರಬೇಕು. ಸೀಮಾಸುಂಕ ಕಾಯಿದೆ 1962ರ 25ನೆಯ ಪ್ರಕರಣದ ಪ್ರಕಾರ, ಸಾರ್ವಜನಿಕ ಹಿತದೃಷ್ಟಿಯಿಂದ ಸುಂಕದಲ್ಲಿ ವಿನಾಯಿತಿ ನೀಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಅಧಿಸೂಚನೆಯೊಂದು ಹೊರಟರೆ ಸಾಕು. ಅದನ್ನು ಆಮೇಲೆ ಸಂಸತ್ತಿನ ಮುಂದಿಡಲಾಗುತ್ತದೆ. ಆದರೆ ಅದರ ಮೇಲೆ ಚರ್ಚೆ ನಡೆಯುವುದು ಅಪರೂಪ. ಮುಂಗಡಪತ್ರದ ಅಧಿವೇಶನದಲ್ಲಿಯೂ ಹಲವು ಇಲಾಖೆಗಳ ಬೇಡಿಕೆಗಳು, ವೇಳೆ ಮುಗಿಯಿತೆಂಬ ಕಾರಣಕ್ಕೆ, ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಬರುತ್ತವೆ. 1993ರಲ್ಲಿ ಸ್ಥಾಪಿತವಾದ ಇಲಾಖಾವಾರು ಸ್ಥಾಯಿ ಸಮಿತಿಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ಆದರೆ ಅವುಗಳ ಸಲಹೆ ಸರ್ಕಾರವನ್ನು ಬಂಧಿಸುವುದಿಲ್ಲ. 1924ರಲ್ಲಿ ಉಕ್ಕಿನ ಸುಂಕಕ್ಕಾಗಿ ಪ್ರತ್ಯೇಕ ಮಸೂದೆ ಬಂದು, ಪರ ವಿರೋಧಗಳ ವಿಚಾರ ನಡೆದು, ಗಡುವು ನಿಗದಿಯಾಯಿತು. ಕೋಟ್ಯಂತರ ರೈತರ ಭವಿಷ್ಯವನ್ನು ನಿರ್ಧರಿಸುವ ಎಣ್ಣೆಯ ಸುಂಕ ಇಂದು ಒಂದು ಸಂಜೆಯ ಅಧಿಸೂಚನೆಯಿಂದ ಬದಲಾಗಬಲ್ಲುದು.

ನಾಲ್ಕನೆಯ ಪ್ರಶ್ನೆ

ಈ ಮೂರು ಉದ್ಯಮಗಳ ಇತಿಹಾಸದಿಂದ ತಿಳಿಯುವುದೇನು? ಸರ್ಕಾರ ಬಳಲಿದ ಉದ್ಯಮಗಳಿಗೆ ನೆರವಾಗಬಾರದೆಂಬ ತೀರ್ಮಾನಕ್ಕೆ ಇದು ಆಧಾರವಾಗದು. 1924ರ ರಕ್ಷಣೆ ಇಲ್ಲದಿದ್ದರೆ ಭಾರತೀಯ ಉಕ್ಕಿನ ಕಥೆ ಬೇರೆಯಾಗುತ್ತಿತ್ತು. ಎಣ್ಣೆಬೀಜಗಳ ಮಿಷನ್ ಕೆಲವು ವರ್ಷಗಳ ಮಟ್ಟಿಗಾದರೂ ಫಲ ಕೊಟ್ಟಿತು. ಹಾಗೆಂದು ಕೇಳಿದವರಿಗೆಲ್ಲ ಕೊಡಬೇಕೆಂಬ ತೀರ್ಮಾನಕ್ಕೂ ಆಧಾರವಿಲ್ಲ. ರೋಗಗ್ರಸ್ತ ಕಂಪನಿಗಳ ಮಂಡಳಿಯ ಅನುಭವ ಅದಕ್ಕೆ ಎಚ್ಚರಿಕೆ. ಭಾರ ಯಾರಿಗೆ, ಫಲ ಯಾರಿಗೆ, ಎಲ್ಲಿಯವರೆಗೆ ಎಂಬ ಹಳೆಯ ಮೂರು ಪ್ರಶ್ನೆಗಳ ಜೊತೆಗೆ ಚಳ್ಳಕೆರೆ ಸೀಮೆ ನಾಲ್ಕನೆಯದೊಂದನ್ನು ಕೂಡಿಸುತ್ತದೆ: ಕಸುಬಿನ ಬೇರು ಎಲ್ಲಿದೆ, ಆ ಬೇರಿಗೆ ನೆರವು ತಲಪುತ್ತಿದೆಯೇ? ಕಂಬಳಿಯ ಬೇರು ಹುಲ್ಲುಗಾವಲಿನಲ್ಲಿದೆ, ಸೀರೆಯ ಬೇರು ನೂಲಿನ ಬೆಲೆಯಲ್ಲಿದೆ, ಎಣ್ಣೆಯ ಬೇರು ಶೇಂಗಾ ಹೊಲದಲ್ಲಿದೆ. ಬೇರನ್ನು ಬಿಟ್ಟು ಹೆಸರನ್ನು ಮಾತ್ರ ಕಾಪಾಡುವ ಕಾಯಿದೆ, ಎಷ್ಟೇ ಸದುದ್ದೇಶದ್ದಾದರೂ, ಕಾಗದದ ಮೇಲೆ ಉಳಿಯುತ್ತದೆ.

ಸಂಸತ್ತಿನ ಕೆಲಸವನ್ನು ಕುಟುಂಬಗಳಾಗಲಿ ದೇವಾಲಯಗಳ ವಿಶ್ವಸ್ಥ ಮಂಡಳಿಗಳಾಗಲಿ ಮಾಡಲಾರವು. ಆದರೆ ಖರ್ಚು ಮಾಡುವ ಪ್ರತಿಯೊಬ್ಬನ ಕೈಯಲ್ಲಿಯೂ ಒಂದಿಷ್ಟು ರಕ್ಷಣೆಯ ಶಕ್ತಿಯಿದೆ. ಯಾತ್ರಿಕರ ವಸತಿಗೆ ಹೊದಿಕೆ ಕೊಳ್ಳುವಾಗ, ಚಳಿಗಾಲದಲ್ಲಿ ಬಡವರಿಗೆ ಹಂಚುವಾಗ, ಅಡಿಗೆಮನೆಗೆ ವರ್ಷದ ಎಣ್ಣೆ ತರಿಸುವಾಗ ಬೆಲೆಯೊಂದನ್ನೇ ನೋಡದೆ ಅದು ಯಾರ ಮಗ್ಗದಿಂದ, ಯಾರ ಹೊಲದಿಂದ ಬಂದಿತೆಂದು ವಿಚಾರಿಸಬಹುದು. ಕೈಮಗ್ಗದ ಕಂಬಳಿಗೆ ಕೊಡುವ ನಾಲ್ಕು ಕಾಸು ಹೆಚ್ಚು, ದೆಹಲಿಯ ಸಹಾಯಧನದಂತೆ ದಾರಿಯಲ್ಲಿ ಸೋರುವುದಿಲ್ಲ. ನೇಯುವವನಿಗೂ ನೂಲುವವಳಿಗೂ ಕುರಿ ಕಾಯುವವನಿಗೂ ಹಂಚಿಹೋಗುತ್ತದೆ. ಅದರೊಂದಿಗೆ ನಮ್ಮ ಕ್ಷೇತ್ರದ ಸಂಸತ್ಸದಸ್ಯರು ಎದುರಾದಾಗ ಕಂಬಳಿ, ನೂಲು, ಎಣ್ಣೆಗಳ ವಿಷಯದಲ್ಲಿ ಸದನದಲ್ಲಿ ಏನು ಕೇಳಿದಿರಿ ಎಂದು ವಿನಯದಿಂದಲೇ ಪ್ರಶ್ನಿಸುವುದೂ ನಮ್ಮ ಕರ್ತವ್ಯ. ಪ್ರಜೆ ಕೇಳಿದರೆ ಪ್ರತಿನಿಧಿ ಕೇಳಿಯಾನು. ಪ್ರತಿನಿಧಿ ಕೇಳಿದರೆ ಸರ್ಕಾರ ಉತ್ತರಿಸಲೇಬೇಕಾಗುತ್ತದೆ.